ಬಾಡಿಸಿದ ದ್ರಾಕ್ಷಿಯ ಅಮರೋನೆ ವೈನು: ರುಚಿ ಪರೀಕ್ಷೆಯಿಂದ ತೋಟದವರೆಗೆ

(ದ್ರಾಕ್ಷಿ ಬೆಳೆಗಾರರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಕೊಯ್ಲು ಮುಗಿದು, ಹಣ್ಣು ಗಾಡಿ ಏರಿ, ತೂಕದ ಚೀಟಿ ಕೈಗೆ ಬಂದರೆ ಬೆಳೆಗಾರನ ಹೊಣೆ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಇಟಲಿ ದೇಶದ ಈಶಾನ್ಯ ಭಾಗದಲ್ಲಿ, ವೆರೋನಾ ನಗರದ ಉತ್ತರಕ್ಕೆ ವಲ್ಪೊಲಿಚೆಲ್ಲಾ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿ ಅಮರೋನೆ ಎಂಬ ಕೆಂಪು ವೈನಿಗಾಗಿ ದ್ರಾಕ್ಷಿ ಬೆಳೆಯುವ ರೈತನಿಗೆ ಕೊಯ್ಲಿನ ಅನಂತರವೇ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಕೊಯ್ದ ಹಣ್ಣನ್ನು ಆತ ಮೂರು ನಾಲ್ಕು ತಿಂಗಳು ನೆರಳಿನಲ್ಲಿ ಬಾಡಿಸುತ್ತಾನೆ. ತೂಕದಲ್ಲಿ ಮೂರನೆಯ ಒಂದು ಭಾಗವನ್ನು ಅಥವಾ ಅದಕ್ಕೂ ಹೆಚ್ಚನ್ನು ತಿಳಿದೂ ತಿಳಿದೂ ಗಾಳಿಗೆ ಬಿಡುತ್ತಾನೆ. ಈ ನಷ್ಟಕ್ಕೆ ಪ್ರತಿಫಲ ದೊರೆಯಿತೇ ಇಲ್ಲವೇ ಎಂಬುದು ಹಲವು ವರ್ಷಗಳ ಮೇಲೆ, ಒಂದು ಲೋಟದ ಮುಂದೆ ಕುಳಿತ ಪರೀಕ್ಷಕನ ಮೂಗು ಮತ್ತು ನಾಲಗೆಯಿಂದ ತೀರ್ಮಾನವಾಗುತ್ತದೆ.

ರುಚಿ ಪರೀಕ್ಷೆ ಎಂದರೆ ಕುಡಿತವೆಂದು ಯಾರೂ ಭಾವಿಸಬಾರದು. ವೃತ್ತಿಪರ ಪರೀಕ್ಷಕರು ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳಿಬಿಡುತ್ತಾರೆ. ಕಾಫಿ, ಚಹಾ, ಬೆಣ್ಣೆಗಳಿಗೆ ನಡೆಯುವಂತೆಯೇ ಇದೂ ಮಾಲಿನ ಗುಣಮಟ್ಟದ ಪರೀಕ್ಷೆ. ಈ ಪರೀಕ್ಷೆಯಲ್ಲಿ ಕಂಡುಬರುವ ಗುಣದೋಷಗಳಲ್ಲಿ ಹೆಚ್ಚಿನವು ತೋಟಕ್ಕೆ ಮತ್ತು ಬಾಡಿಸುವ ಕೋಣೆಗೆ ಸಂಬಂಧಿಸಿದವು.

ಪ್ರದೇಶ ಮತ್ತು ಹಿನ್ನೆಲೆ

ವಲ್ಪೊಲಿಚೆಲ್ಲಾದ ಪಶ್ಚಿಮಕ್ಕೆ ಗಾರ್ದಾ ಸರೋವರ, ಉತ್ತರಕ್ಕೆ ಲೆಸ್ಸೀನಿ ಬೆಟ್ಟಗಳು ಇವೆ. ನೆಗ್ರಾರ್, ಮರಾನೊ, ಫುಮಾನೆ, ಸಾಂತ್ ಅಂಬ್ರೋಜಿಯೊ, ಸಾನ್ ಪಿಯೆತ್ರೊ ಇನ್ ಕರಿಯಾನೊ ಎಂಬ ಐದು ಊರುಗಳ ಎಲ್ಲೆ ಇದರ ಹಳೆಯ ಕೇಂದ್ರ. ಮುಖ್ಯ ತಳಿ ಕೊರ್ವೀನಾ. ಇದರ ಸಿಪ್ಪೆ ದಪ್ಪವಾಗಿದ್ದು ಬಾಡಿಸಲು ಯೋಗ್ಯವಾಗಿದೆ. ಇದರೊಂದಿಗೆ ಕೊರ್ವಿನೋನೆ ಮತ್ತು ರೊಂದಿನೆಲ್ಲಾ ತಳಿಗಳನ್ನು ಸೇರಿಸುತ್ತಾರೆ. ನಮ್ಮ ಚಪ್ಪರ ಪದ್ಧತಿಯನ್ನು ಹೋಲುವ ಪೆರ್ಗೊಲಾ ಎಂಬ ಪದ್ಧತಿಯಲ್ಲಿ ಬಳ್ಳಿ ಹಬ್ಬಿಸುವುದು ಅಲ್ಲಿನ ಹಳೆಯ ರೂಢಿ. ಗೊಂಚಲುಗಳು ಎಲೆಯ ನೆರಳಿನಲ್ಲಿ ತೂಗುವುದರಿಂದ ಬಿಸಿಲಿಗೆ ಸುಡುವುದಿಲ್ಲ, ಗಾಳಿಯೂ ಆಡುತ್ತದೆ.

ಹಣ್ಣನ್ನು ಬಾಡಿಸಿ ವೈನು ಮಾಡುವ ಕಲೆ ಅಲ್ಲಿ ಬಹಳ ಹಳೆಯದು. ಕ್ರಿ.ಶ. ಆರನೆಯ ಶತಮಾನದಲ್ಲಿ ಥಿಯೊಡೊರಿಕ್ ದೊರೆಯ ಬಳಿ ಅಧಿಕಾರಿಯಾಗಿದ್ದ ಕಾಸಿಯೊಡೋರಸ್ ಎಂಬುವನು ವೆರೋನಾ ಸೀಮೆಯ ಇಂತಹ ವೈನನ್ನು ವರ್ಣಿಸಿ ಬರೆದಿದ್ದಾನೆ. ಆದರೆ ಆ ವೈನು ಸಿಹಿಯಾದದ್ದು. ಅದರ ಇಂದಿನ ರೂಪಕ್ಕೆ ರೆಚೋತೊ ಎಂದು ಹೆಸರು. ರೆಚೋತೊ ಮಾಡುವಾಗ ಸಕ್ಕರೆ ಪೂರ್ತಿ ಕರಗುವ ಮೊದಲೇ ಹುದುಗುವಿಕೆಯನ್ನು ನಿಲ್ಲಿಸಲಾಗುತ್ತದೆ. ನಿಲ್ಲಿಸದೆ ಬಿಟ್ಟರೆ ಸಿಹಿ ಹೋಗಿ ಒಣ ವೈನಾಗುತ್ತದೆ. 1936ರಲ್ಲಿ ನೆಗ್ರಾರ್ ಸಹಕಾರಿ ಸಂಘದ ನೆಲಮಾಳಿಗೆಯಲ್ಲಿ ಹೀಗೆ ಮರೆತುಹೋದ ಒಂದು ಪೀಪಾಯಿಯ ವೈನನ್ನು ಅದೆಲಿನೊ ಲುಕ್ಕೇಸೆ ಎಂಬ ಮೇಲ್ವಿಚಾರಕ ರುಚಿ ನೋಡಿ, ಇದು ‘ಅಮಾರೊ’ ಮಾತ್ರವಲ್ಲ, ‘ಅಮರೋನೆ’ ಎಂದು ಉದ್ಗರಿಸಿದನೆಂದು ಅಲ್ಲಿ ಹೇಳುತ್ತಾರೆ. ಅಮಾರೊ ಎಂದರೆ ಕಹಿ, ಅಮರೋನೆ ಎಂದರೆ ದೊಡ್ಡ ಕಹಿ. 1950ರ ದಶಕದಲ್ಲಿ ಈ ವೈನು ಮಾರುಕಟ್ಟೆಗೆ ಬರತೊಡಗಿತು. 1968ರಲ್ಲಿ ವಲ್ಪೊಲಿಚೆಲ್ಲಾ ವೈನುಗಳಿಗೆ ಪ್ರದೇಶದ ಹೆಸರಿನ ಕಾನೂನುರಕ್ಷಣೆ ದೊರೆಯಿತು. 2010ರಲ್ಲಿ ಅಮರೋನೆಗೆ ಇಟಲಿಯ ಅತ್ಯುನ್ನತ ದರ್ಜೆಯ ಮಾನ್ಯತೆ ಸಂದಿತು.

ಲೋಟದಲ್ಲಿ ಕಾಣುವುದು

ಅಮರೋನೆಯನ್ನು 16ರಿಂದ 18 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಹೊಟ್ಟೆ ಅಗಲವಾದ ದೊಡ್ಡ ಗಾಜಿನ ಲೋಟದಲ್ಲಿ, ಮೂರನೆಯ ಒಂದು ಭಾಗಕ್ಕೆ ಮೀರದಂತೆ ಹಾಕುತ್ತಾರೆ. ಹೆಚ್ಚು ಬಿಸಿಯಾದರೆ ಮದ್ಯಸಾರದ ಘಾಟು ಮೂಗಿಗೆ ಅಡರಿ ಬೇರೆ ವಾಸನೆಗಳು ತಿಳಿಯುವುದಿಲ್ಲ. ಹೆಚ್ಚು ತಣ್ಣಗಾದರೆ ಒಗರು ಮಾತ್ರ ಎದ್ದು ಕಾಣುತ್ತದೆ. ಹಳೆಯ ವೈನಾದರೆ ಒಂದೆರಡು ಗಂಟೆ ಮೊದಲೇ ಬೇರೆ ಪಾತ್ರೆಗೆ ಬಗ್ಗಿಸಿ ಗಾಳಿಯಾಡಲು ಬಿಡುವುದುಂಟು.

ಮೊದಲು ಕಣ್ಣು: ಬಿಳಿ ಬಟ್ಟೆಯ ಮೇಲೆ ಲೋಟವನ್ನು ಓರೆ ಮಾಡಿ ನೋಡಿದರೆ ಬಣ್ಣ ದಟ್ಟ ಮಾಣಿಕ್ಯದಂತೆ ಇದ್ದು, ವಯಸ್ಸಾದಂತೆ ಅಂಚಿನಲ್ಲಿ ಇಟ್ಟಿಗೆಯ ಛಾಯೆ ತೋರುತ್ತದೆ. ಲೋಟವನ್ನು ತಿರುಗಿಸಿ ನಿಲ್ಲಿಸಿದಾಗ ಗೋಡೆಯ ಮೇಲಿಂದ ದಪ್ಪ ಹನಿಗಳು ನಿಧಾನವಾಗಿ ಇಳಿಯುತ್ತವೆ. ಮದ್ಯಸಾರ ಹೆಚ್ಚಾಗಿದೆ ಎಂಬುದಕ್ಕೆ ಇದು ಸೂಚನೆ.

ಅನಂತರ ಮೂಗು: ಒಣಗಿದ ಚೆರಿ, ಪ್ಲಮ್ ಮತ್ತು ಅಂಜೂರದ ವಾಸನೆ ಮೊದಲು ಬರುತ್ತದೆ. ಅದರ ಹಿಂದೆ ಲವಂಗ, ಕೋಕೋ, ಹದ ಮಾಡಿದ ಹೊಗೆಸೊಪ್ಪು. ತಾಜಾ ಹಣ್ಣಿನ ಘಮ ಇಲ್ಲಿ ಹಿಂದೆ ಸರಿದು, ಬಾಡಿದ ಹಣ್ಣಿನ ಘಮ ಮುಂದೆ ಬಂದಿರುತ್ತದೆ.

ಕೊನೆಗೆ ನಾಲಗೆ: ಮೊದಲ ಕ್ಷಣಕ್ಕೆ ಸಿಹಿ ಎನಿಸುತ್ತದೆ. ಆದರೆ ನಿಯಮದ ಪ್ರಕಾರ ಉಳಿದಿರಬಹುದಾದ ಸಕ್ಕರೆ ಕಡಿಮೆ. ಮದ್ಯಸಾರ ಮತ್ತು ಗ್ಲಿಸರಾಲ್ ಎರಡೂ ಹೆಚ್ಚಾಗಿರುವುದೇ ಈ ಸಿಹಿಯ ಭ್ರಮೆಗೆ ಕಾರಣ. ಮರುಕ್ಷಣ ಹುಳಿ ತಲೆಯೆತ್ತಿ ಬಾಯಿಗೆ ನೀರು ತರಿಸುತ್ತದೆ. ಒಸಡಿನ ಮೇಲೆ ಒಗರು ಹಿಡಿಯುತ್ತದೆ, ಗಂಟಲಲ್ಲಿ ಕಾವು ಏಳುತ್ತದೆ. ನುಂಗಿದ ಅಥವಾ ಉಗುಳಿದ ಮೇಲೆ ಬಾದಾಮಿ ಸಿಪ್ಪೆಯಂತಹ ಹಿತವಾದ ಕಹಿ ಬಹಳ ಹೊತ್ತು ಉಳಿಯುತ್ತದೆ. ಸಿಹಿ, ಹುಳಿ, ಒಗರು, ಕಹಿ, ಕಾವು ಈ ಐದರಲ್ಲಿ ಯಾವುದೂ ಇನ್ನೊಂದನ್ನು ತುಳಿಯದಿದ್ದರೆ ಅದು ಒಳ್ಳೆಯ ಅಮರೋನೆ. ಇಷ್ಟು ಬಲವಾದ ವೈನನ್ನು ಅಲ್ಲಿನ ಜನ ಬಹಳ ಹೊತ್ತು ಬೇಯಿಸಿದ ಮಾಂಸದೊಂದಿಗೆ ಅಥವಾ ಹಳೆಯ ಗಟ್ಟಿ ಚೀಸಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ ಸೇವಿಸುತ್ತಾರೆ.

ಈ ಗುಣಗಳು ಬಂದದ್ದೆಲ್ಲಿಂದ?

ಕೊಯ್ಲು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ತಿಂಗಳೊಳಗೆ ಕೈಯಿಂದಲೇ ನಡೆಯುತ್ತದೆ. ಕಾಯಿಗಳು ಒತ್ತೊತ್ತಾಗಿರದ, ಸಡಿಲವಾದ, ಗಾಯವಿಲ್ಲದ ಗೊಂಚಲುಗಳನ್ನು ಮಾತ್ರ ಬಾಡಿಸಲು ಆರಿಸುತ್ತಾರೆ. ಒತ್ತಾದ ಗೊಂಚಲಿನ ಒಳಗೆ ಗಾಳಿ ಹೋಗುವುದಿಲ್ಲ. ಅಲ್ಲಿ ಒಂದು ಹಣ್ಣು ಒಡೆದರೂ ಬೂಷ್ಟು ಹಿಡಿದು ಇಡೀ ಗೊಂಚಲು ಹಾಳಾಗುತ್ತದೆ. ಆರಿಸಿದ ಗೊಂಚಲುಗಳನ್ನು ಬಿದಿರಿನ ತಟ್ಟಿಗಳ ಮೇಲೆ, ಇಲ್ಲವೆ ಮರದ ಅಥವಾ ಪ್ಲಾಸ್ಟಿಕ್ ಟ್ರೇಗಳಲ್ಲಿ ಒಂದೇ ಪದರವಾಗಿ ಹರಡುತ್ತಾರೆ. ಬಾಡಿಸುವ ಕೋಣೆಗೆ ಫ್ರುತ್ತಾಯೊ ಎಂದು ಹೆಸರು. ಇದು ಸಾಮಾನ್ಯವಾಗಿ ಎತ್ತರದ ಜಾಗದಲ್ಲಿ, ಗಾಳಿ ಬೀಸುವ ಕಡೆಗೆ ಕಿಟಕಿಗಳಿರುವ ಅಟ್ಟ. ಮಂಜು ಕವಿದ ದಿನ ಕಿಟಕಿ ಮುಚ್ಚುತ್ತಾರೆ, ಒಣಗಾಳಿ ಬಂದ ದಿನ ತೆರೆಯುತ್ತಾರೆ. ಈಗ ಫ್ಯಾನುಗಳೂ ತೇವ ಹೀರುವ ಯಂತ್ರಗಳೂ ಬಂದಿವೆ. ಆದರೂ ಬಿಸಿಗಾಳಿ ಕೊಟ್ಟು ಅವಸರದಿಂದ ಒಣಗಿಸುವಂತಿಲ್ಲ.

ನೂರರಿಂದ ನೂರಿಪ್ಪತ್ತು ದಿನಗಳಲ್ಲಿ ಹಣ್ಣಿನ ತೂಕ ಶೇಕಡ 30ರಿಂದ 40ರಷ್ಟು ಇಳಿಯುತ್ತದೆ. ನೀರು ಹೋದಂತೆ ಸಕ್ಕರೆ, ಬಣ್ಣ ಮತ್ತು ಒಗರಿನ ಅಂಶಗಳು ಸಾಂದ್ರವಾಗುತ್ತವೆ. ಆದರೆ ನೀರು ಹೋಗುವುದಷ್ಟೇ ಇಲ್ಲಿನ ಕ್ರಿಯೆಯಲ್ಲ. ಕೊಯ್ದ ಹಣ್ಣು ಇನ್ನೂ ಉಸಿರಾಡುತ್ತಿರುತ್ತದೆ. ಅದರಲ್ಲಿ ಮ್ಯಾಲಿಕ್ ಆಮ್ಲ ಕಡಿಮೆಯಾಗುತ್ತದೆ, ಹೊಸ ವಾಸನೆಯ ಅಂಶಗಳು ಉಂಟಾಗುತ್ತವೆ. ನಿಧಾನವಾಗಿ ಬಾಡಿಸಿದರೆ ಮಾತ್ರ ಈ ಬದಲಾವಣೆಗಳಿಗೆ ಕಾಲಾವಕಾಶ ದೊರೆಯುತ್ತದೆ.

ಮದ್ಯಸಾರದ ಲೆಕ್ಕ ಸರಳವಾಗಿದೆ. ಒಂದು ಲೀಟರು ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ 1ರಷ್ಟು ಮದ್ಯಸಾರ ಬರುತ್ತದೆ. ತಾಜಾ ಹಣ್ಣಿನ ರಸದಲ್ಲಿ ಲೀಟರಿಗೆ 200 ಗ್ರಾಂ ಸಕ್ಕರೆ ಇದ್ದರೆ ವೈನು ಶೇಕಡ 12ಕ್ಕೆ ನಿಲ್ಲುತ್ತದೆ. ಬಾಡಿದ ಹಣ್ಣಿನಲ್ಲಿ ಅದು 270 ಗ್ರಾಂ ಆದರೆ ಶೇಕಡ 16ರ ಹತ್ತಿರ ಹೋಗುತ್ತದೆ. ಅಮರೋನೆಗೆ ಕನಿಷ್ಠ ಶೇಕಡ 14 ಇರಬೇಕೆಂದು ನಿಯಮವಿದೆ. ಚಳಿಗಾಲದ ತಣ್ಣನೆಯ ಹವೆಯಲ್ಲಿ, ಅಷ್ಟು ಸಾಂದ್ರವಾದ ರಸದಲ್ಲಿ ಯೀಸ್ಟ್ ಬಹಳ ನಿಧಾನವಾಗಿ ಕೆಲಸ ಮಾಡುವುದರಿಂದ ಹುದುಗುವಿಕೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ.

ದೋಷಗಳು ಮತ್ತು ಅವುಗಳ ಮೂಲ

ಪರೀಕ್ಷಕ ಗುರುತಿಸುವ ಮುಖ್ಯ ದೋಷಗಳನ್ನು ಹೀಗೆ ಪಟ್ಟಿ ಮಾಡಬಹುದು:

1. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ: ಒಡೆದ ಹಣ್ಣುಗಳನ್ನು ಬಾಡಿಸಲು ಇಟ್ಟದ್ದು ಇದರ ಮೂಲ. ಹುದುಗುವಿಕೆ ತಡವಾಗಿ ಆರಂಭವಾದರೂ ಹೀಗಾಗಬಹುದು.

2. ಹಸಿಮಣ್ಣು ಅಥವಾ ಬೂಷ್ಟಿನ ವಾಸನೆ: ಮಳೆಯಲ್ಲಿ ನೆನೆದ ಹಣ್ಣು ಕೊಯ್ದದ್ದು, ಕೋಣೆಯಲ್ಲಿ ತೇವ ನಿಂತದ್ದು, ಕೊಳೆತ ಹಣ್ಣನ್ನು ಆಗಾಗ ಆರಿಸಿ ತೆಗೆಯದಿದ್ದದ್ದು.

3. ಹುಳಿಯಿಲ್ಲದ, ಕುದಿಸಿದ ಜಾಮಿನಂತಹ ರುಚಿ: ಹಣ್ಣು ಬಳ್ಳಿಯಲ್ಲೇ ಮೀರಿ ಪಕ್ವವಾದದ್ದು, ಇಲ್ಲವೆ ಬಾಡಿಸುವ ಜಾಗ ಬೆಚ್ಚಗಿದ್ದದ್ದು.

4. ನಿಜವಾಗಿಯೇ ಉಳಿದ ಸಿಹಿ: ಯೀಸ್ಟ್ ಅರ್ಧದಲ್ಲೇ ಸೋತು ನಿಂತದ್ದು.

5. ಕುದುರೆಲಾಯದ ವಾಸನೆ: ಪೀಪಾಯಿಗಳನ್ನು ಶುಚಿಯಾಗಿಡದಿದ್ದದ್ದು.

ಈ ಐದರಲ್ಲಿ ಮೊದಲ ಮೂರು ರೈತನ ಕೈಯಲ್ಲಿರುವವು ಎಂಬುದನ್ನು ಗಮನಿಸಬೇಕು. ನೆಲಮಾಳಿಗೆಯಲ್ಲಿ ಎಷ್ಟೇ ಜಾಣ್ಮೆ ತೋರಿದರೂ ಬೂಷ್ಟು ಹಿಡಿದ ಗೊಂಚಲಿನ ವಾಸನೆಯನ್ನು ವೈನಿನಿಂದ ಪೂರ್ತಿಯಾಗಿ ತೆಗೆಯುವುದು ಕಷ್ಟ.

ನಷ್ಟ ಮತ್ತು ಲಾಭದ ಲೆಕ್ಕ

ಅಲ್ಲಿನ ನಿಯಮದಂತೆ ಹೆಕ್ಟೇರಿಗೆ ಗರಿಷ್ಠ ಇಳುವರಿ 120 ಕ್ವಿಂಟಾಲ್. ಅಷ್ಟನ್ನೂ ತಾಜಾ ಹಿಂಡಿ ಸಾಮಾನ್ಯ ವಲ್ಪೊಲಿಚೆಲ್ಲಾ ವೈನು ಮಾಡಿದರೆ ಶೇಕಡ 70ರಂತೆ 8,400 ಲೀಟರು ದೊರೆಯುತ್ತದೆ. ಬಾಡಿಸಲು ಹೆಚ್ಚೆಂದರೆ ಶೇಕಡ 65 ಭಾಗ, ಅಂದರೆ 78 ಕ್ವಿಂಟಾಲ್ ಕಳಿಸಬಹುದು. ತಾಜಾ ತೂಕದ ಮೇಲೆ ಶೇಕಡ 40ರ ಮಿತಿಯಂತೆ ಅದರಿಂದ ಬರುವ ಅಮರೋನೆ 3,120 ಲೀಟರು ಮಾತ್ರ. ಅದನ್ನೂ ಕೊಯ್ಲಿನ ಮುಂದಿನ ಜನವರಿಯಿಂದ ಲೆಕ್ಕ ಹಿಡಿದು ಕನಿಷ್ಠ ಎರಡು ವರ್ಷ ಮಾಗಿಸಬೇಕು. 2020ರ ಅಕ್ಟೋಬರಿನಲ್ಲಿ ಕೊಯ್ದ ಹಣ್ಣಿನ ವೈನು 2023ರ ಜನವರಿಗೆ ಮೊದಲು ಮಾರಾಟವಾಗುವಂತಿಲ್ಲ. ಅಷ್ಟು ಕಾಲ ಹಾಕಿದ ಬಂಡವಾಳ ಸಿಕ್ಕಿಕೊಂಡಿರುತ್ತದೆ. ಇವೆಲ್ಲವನ್ನೂ ಭರಿಸುವಷ್ಟು ಬೆಲೆ ಬಂದರೆ ಮಾತ್ರ ಈ ಉದ್ಯೋಗ ನಿಲ್ಲುತ್ತದೆ.

ಹಿಂಡಿ ಉಳಿದ ಸಿಪ್ಪೆಯನ್ನೂ ಅಲ್ಲಿ ಬಿಸಾಡುವುದಿಲ್ಲ. ಸಾಮಾನ್ಯ ವಲ್ಪೊಲಿಚೆಲ್ಲಾ ವೈನನ್ನು ಆ ಸಿಪ್ಪೆಯ ಮೇಲೆ ಹಾಯಿಸಿ ಮತ್ತೊಮ್ಮೆ ಹುದುಗಿಸುತ್ತಾರೆ. ಅದು ಸತ್ವ ಪಡೆದು ರಿಪಾಸ್ಸೊ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಹೋಗುತ್ತದೆ.

ಒಳ್ಳೆಯ ಬೆಲೆ ಕಂಡಾಗ ಎಲ್ಲ ರೈತರೂ ಎಲ್ಲ ಹಣ್ಣನ್ನೂ ಬಾಡಿಸಲು ಹೊರಡುವುದು ಸಹಜ. ಆಗ ಆಯ್ಕೆ ಸಡಿಲವಾಗುತ್ತದೆ, ಮಾಲು ಹೆಚ್ಚುತ್ತದೆ, ಬೆಲೆ ಕುಸಿಯುತ್ತದೆ, ಹೆಸರೂ ಕೆಡುತ್ತದೆ. ಈ ಅಪಾಯವನ್ನು ಅರಿತೇ ಶೇಕಡ 65ರ ಮಿತಿ ಇಡಲಾಗಿದೆ. ಮಾಲು ಹೆಚ್ಚಾದ ವರ್ಷಗಳಲ್ಲಿ ಬೆಳೆಗಾರರ ಮತ್ತು ತಯಾರಕರ ಒಕ್ಕೂಟ ಮುಂದಾಗಿ ಅದನ್ನು ಇನ್ನೂ ಕೆಳಗೆ ಇಳಿಸಿದ್ದುಂಟು. ಇಳಿಸಿದ ಪ್ರತಿ ಸಲವೂ ರೈತನ ಆ ವರ್ಷದ ಆದಾಯಕ್ಕೆ ಪೆಟ್ಟು ಬೀಳುತ್ತದೆ. ಆದರೂ ಹೆಸರು ಉಳಿದರೆ ಮುಂದಿನ ವರ್ಷಗಳ ಬೆಲೆ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ ಈ ಕಟ್ಟುಪಾಡು ನಿಂತಿದೆ.

ನಮ್ಮ ಬೆಳೆಗಾರರು ಗಮನಿಸಬೇಕಾದ ಅಂಶಗಳು

ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರಿಗೆ ದ್ರಾಕ್ಷಿ ಒಣಗಿಸುವುದು ಹೊಸದೇನಲ್ಲ. ಆದರೆ ಉದ್ದೇಶ ಬೇರೆಯಾದ್ದರಿಂದ ವಿಧಾನವೂ ಬೇರೆ. ಇಲ್ಲಿ ಥಾಮ್ಸನ್ ಸೀಡ್‌ಲೆಸ್ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸಿ, ಎರಡು ಮೂರು ವಾರಗಳಲ್ಲಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ. ವಲ್ಪೊಲಿಚೆಲ್ಲಾದಲ್ಲಿ ಮೇಣವನ್ನು ಹಾಗೆಯೇ ಬಿಡುತ್ತಾರೆ, ಏಕೆಂದರೆ ನೀರು ನಿಧಾನವಾಗಿ ಹೋಗಬೇಕು ಮತ್ತು ಹಣ್ಣಿನಲ್ಲಿ ಹಿಂಡುವಷ್ಟು ರಸ ಉಳಿಯಬೇಕು. ಅಲ್ಲಿನ ಚಳಿ, ಅಲ್ಲಿನ ತಳಿ ಇಲ್ಲಿಲ್ಲದಿರುವುದರಿಂದ ಆ ವಿಧಾನವನ್ನು ಹಾಗೆಯೇ ಅನುಕರಿಸುವುದು ಜಾಣತನವಲ್ಲ.

ಆದರೆ ಕೆಲವು ಸೂತ್ರಗಳು ಎರಡು ಕಡೆಗೂ ಸಲ್ಲುತ್ತವೆ. ಗೊಂಚಲು ಸಡಿಲವಾಗಿರುವಂತೆ ಬಳ್ಳಿಯಲ್ಲೇ ಕಾಯಿ ತೆಳುಗೊಳಿಸಬೇಕು. ಒಡೆದ ಮತ್ತು ಕೊಳೆತ ಹಣ್ಣನ್ನು ಕೊಯ್ಲಿನ ದಿನವೇ ಬೇರ್ಪಡಿಸಬೇಕು. ಒಂದೇ ಪದರವಾಗಿ ಹರಡಿ ಗಾಳಿಗೆ ದಾರಿ ಬಿಡಬೇಕು. ಮೋಡ ಕವಿದ ದಿನಗಳಲ್ಲಿ ಒಣಗಿಸುವ ಶೆಡ್ಡಿನ ಮೇಲೆ ಎರಡರಷ್ಟು ಗಮನವಿಡಬೇಕು. ಮೊದಲ ದರ್ಜೆಯ ಮಾಲಿಗೆ ಎರಡನೆಯ ದರ್ಜೆಯದನ್ನು ಬೆರೆಸಬಾರದು. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿಯನ್ನು ಜಾರಿಗೆ ತಂದ ಮೇಲೆ ವೈನು ದ್ರಾಕ್ಷಿ ಬೆಳೆಯುವವರೂ ರಾಜ್ಯದಲ್ಲಿದ್ದಾರೆ. ಅಂತಹವರು ತಮ್ಮ ಹಣ್ಣಿನಿಂದಾದ ವೈನನ್ನು ಪರೀಕ್ಷಕರು ಏನೆಂದರು ಎಂಬುದನ್ನು ಖರೀದಿದಾರರಿಂದ ಕೇಳಿ ತಿಳಿಯುವುದು ಒಳ್ಳೆಯದು. ತೂಕದ ಚೀಟಿ ತಿಳಿಸದ ಸಂಗತಿಗಳನ್ನು ಆ ವರದಿ ತಿಳಿಸುತ್ತದೆ, ಮುಂದಿನ ಹಂಗಾಮಿನ ಚಾಟಣಿ ಮತ್ತು ಕೊಯ್ಲಿಗೆ ಅದರಿಂದ ಮಾರ್ಗದರ್ಶನ ದೊರೆಯುತ್ತದೆ.