ಮಾದರಿ ಹೇಳಿದ್ದು, ಚಿಪ್ ಮಾಡಿದ್ದು



41,95,835ನ್ನು 31,45,727ರಿಂದ ಭಾಗಿಸಿದರೆ 1.33382 ಬರಬೇಕು. 1994ರಲ್ಲಿ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ 1.33373 ಎನ್ನುತ್ತಿತ್ತು. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಲೆಕ್ಕ ತಾಳೆಯಾಗದೆ, ಹುಡುಕುತ್ತಾ ಹೋಗಿ ಚಿಪ್ಪನ್ನೇ ಹಿಡಿದರು.

ಶಾಲೆಯಲ್ಲಿ ಭಾಗಾಕಾರ ಮಾಡುವಾಗ ‘ಎಷ್ಟು ಸಲ ಹೋಗುತ್ತದೆ’ ಎಂದು ಅಂದಾಜು ಮಾಡಿ ಒಂದೊಂದೇ ಅಂಕಿ ಬರೆಯುತ್ತೇವಲ್ಲ, ಪೆಂಟಿಯಂ ಮಾಡುತ್ತಿದ್ದದ್ದೂ ಅದನ್ನೇ. ಅಂದಾಜಿಗೆ ಒಳಗೊಂದು ಕೋಷ್ಟಕವಿತ್ತು. ಅದರ ಐದು ಮನೆಗಳಲ್ಲಿ 2 ಇರಬೇಕಾದ ಕಡೆ 0 ಇತ್ತು, ಅಷ್ಟೇ. ಈ ತಪ್ಪಿಗಾಗಿ ಇಂಟೆಲ್ ತನ್ನ ಲೆಕ್ಕಪತ್ರದಲ್ಲಿ ತೋರಿಸಿದ ನಷ್ಟ 47.5 ಕೋಟಿ ಡಾಲರ್.

ಚಿಪ್ಪನ್ನು ಪರೀಕ್ಷೆ ಮಾಡದೆ ಮಾರುಕಟ್ಟೆಗೆ ಬಿಟ್ಟರೇ? ಖಂಡಿತ ಇಲ್ಲ. ಆದರೆ 64 ಬಿಟ್‌ನ ಎರಡು ಸಂಖ್ಯೆಗಳನ್ನು ಜೋಡಿಸಬಹುದಾದ ಬಗೆಗಳನ್ನು ಬರೆಯಲು 39 ಅಂಕಿ ಬೇಕು. ಸೆಕೆಂಡಿಗೆ ನೂರು ಕೋಟಿಯಂತೆ ಪರೀಕ್ಷಿಸುತ್ತಾ ಕೂತರೂ ವಿಶ್ವದ ಈವರೆಗಿನ ಆಯುಸ್ಸು ಸಾಲುವುದಿಲ್ಲ. ಪರೀಕ್ಷೆ ಹೇಳುವುದು ಪರೀಕ್ಷಿಸಿದ್ದರ ಬಗ್ಗೆ ಮಾತ್ರ.

ಪರೀಕ್ಷೆಯಾಚೆಗೆ ದಾರಿ ಇದೆಯೇ ಎಂದು ತಿಳಿಯಲು ಮೊದಲು ಚಿಪ್ ರೂಪುಗೊಳ್ಳುವ ಬಗೆ ನೋಡೋಣ. ಈಗ ಚಿಪ್ಪಿನ ಒಂದೊಂದು ಗೇಟನ್ನೂ, ಅಂದರೆ ತರ್ಕದ ಪುಟ್ಟ ಸರ್ಕ್ಯೂಟನ್ನೂ, ಯಾರೂ ಕೈಯಲ್ಲಿ ಬರೆಯುವುದಿಲ್ಲ. ಸರ್ಕ್ಯೂಟ್ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಎಂಜಿನಿಯರ್‌ಗಳು ವೆರಿಲಾಗ್‌ನಂಥ ಭಾಷೆಯಲ್ಲಿ ಬರೆಯುತ್ತಾರೆ. ಅದನ್ನು ಗೇಟುಗಳಾಗಿ ಮಾರ್ಪಡಿಸುವುದು, ಜಾಗ ಗೊತ್ತುಮಾಡುವುದು, ತಂತಿ ಎಳೆಯುವುದು ಎಲ್ಲ ತಂತ್ರಾಂಶದ ಕೆಲಸ. ಒಂದೊಂದು ಹಂತದಲ್ಲೂ ಚಿಪ್ಪಿನದೊಂದು ಹೊಸ ಮಾದರಿ ಹುಟ್ಟುತ್ತದೆ. ಹೊಸದು ಹಳೆಯದಕ್ಕೆ ಸಮವೇ ಎಂದು ಸಾಧಿಸಿ ತೋರಿಸುವ ಉಪಕರಣಗಳು ಇಂದು ಚೆನ್ನಾಗಿ ಪಳಗಿವೆ. ಕಷ್ಟವಿರುವುದು ಬೇರೆ ಕಡೆ: ಎಲ್ಲಕ್ಕೂ ಮೊದಲಿನ ಮಾದರಿಯೇ ಸರಿಯಿದೆಯೇ?

ಇದನ್ನು ತಿಳಿಯಲು 1981ರಲ್ಲಿ ಗಣಕ ವಿಜ್ಞಾನಿಗಳಾದ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್ ಅಮೆರಿಕದಲ್ಲಿ ಒಂದು ದಾರಿ ಕಂಡುಕೊಂಡರು. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ತಮ್ಮದೇ ರೀತಿಯಲ್ಲಿ ಅಲ್ಲಿಗೇ ತಲುಪಿದ್ದರು. ಅದರ ಹೆಸರು ಮಾಡೆಲ್ ಚೆಕಿಂಗ್. ವ್ಯವಸ್ಥೆ ತಲುಪಬಹುದಾದ ಪ್ರತಿಯೊಂದು ಸ್ಥಿತಿಯನ್ನೂ ಯಂತ್ರವೇ ಹುಡುಕಿ, ನಾವು ಕೊಟ್ಟ ನಿಯಮ ಎಲ್ಲಾದರೂ ಮುರಿಯುತ್ತದೆಯೇ ಎಂದು ನೋಡುತ್ತದೆ. ಮುರಿದರೆ, ಅಲ್ಲಿಗೆ ಹೋದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ತೊಡಕೂ ಇತ್ತು. ಒಂದು ಬಿಟ್ ಸೇರಿಸಿದರೆ ಸ್ಥಿತಿಗಳು ಇಮ್ಮಡಿಯಾಗಬಹುದು. ರ್‍ಯಾಂಡಲ್ ಬ್ರಯಾಂಟ್ 1986ರಲ್ಲಿ ರೂಪಿಸಿದ ನಿರ್ಣಯ ರೇಖಾಚಿತ್ರಗಳನ್ನು ಕೆನ್ ಮೆಕ್‌ಮಿಲನ್ ಇದಕ್ಕೆ ಹೊಂದಿಸಿದ ಮೇಲೆ, ಸ್ಥಿತಿಗಳನ್ನು ಒಂದೊಂದಾಗಿ ಎಣಿಸುವುದನ್ನು ಬಿಟ್ಟು ಗುಂಪುಗುಂಪಾಗಿ ಹಿಡಿಯುವುದು ಸಾಧ್ಯವಾಯಿತು. 1992ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ ಫ್ಯೂಚರ್‌ಬಸ್ ಪ್ಲಸ್ ಎಂಬ ಮಾನಕದ ಕ್ಯಾಶ್ (ಪ್ರೊಸೆಸರ್ ಬಳಿಯ ವೇಗದ ಮೆಮೊರಿ) ನಿಯಮಾವಳಿಯಲ್ಲಿ, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ತಪ್ಪುಗಳನ್ನು ಹೀಗೆಯೇ ಪತ್ತೆಮಾಡಿತು. ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೂ ಗಣಕ ವಿಜ್ಞಾನದ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಹಾಗಾದರೆ ಯಂತ್ರ ‘ಪಾಸ್’ ಎಂದರೆ ನಂಬಿಬಿಡಬಹುದೇ? ಇಲ್ಲಿ ಸ್ವಲ್ಪ ನಿಲ್ಲೋಣ. ಎರಡು ಪ್ರೊಸೆಸರ್‌ಗಳು ಒಂದೇ ಮೆಮೊರಿಗೆ ಕೋರಿಕೆ ಕಳಿಸುತ್ತವೆ ಎನ್ನಿ. ಸರದಿ ನಿರ್ಧರಿಸುವ ಸರ್ಕ್ಯೂಟಿಗೆ ಆರ್ಬಿಟರ್ ಎನ್ನುತ್ತಾರೆ. ನಾವು ಬರೆಯುವ ನಿಯಮ ಇದು: ಕೋರಿಕೆ ಬಂದಾಗಲೆಲ್ಲ, ಇವತ್ತಲ್ಲ ನಾಳೆ ಅನುಮತಿ ಸಿಗಲೇಬೇಕು. ಯಂತ್ರ ಪಾಸ್ ಎನ್ನುತ್ತದೆ. ಆದರೆ ಹೊರಗಿನ ಪರಿಸರವನ್ನು ವಿವರಿಸುವಾಗ ಎರಡನೆಯ ಪ್ರೊಸೆಸರಿನ ಕೋರಿಕೆಯ ತಂತಿ ಸದಾ 0 ಎಂದು ಯಾರೋ ಬರೆದಿದ್ದಾರೆ. ಕೋರಿಕೆಯೇ ಬಾರದಿದ್ದರೆ ನಿಯಮ ಮುರಿಯುವುದಾದರೂ ಹೇಗೆ? ಆರ್ಬಿಟರ್ ಕೆಟ್ಟಿದ್ದರೂ ಪಾಸ್! 1997ರಲ್ಲಿ ಐಬಿಎಂನ ಹೈಫಾ ಪ್ರಯೋಗಾಲಯದ ಸಂಶೋಧಕರು ತಮ್ಮ ಅನುಭವವನ್ನು ದಾಖಲಿಸಿದ್ದಾರೆ: ಹೊಸ ವಿನ್ಯಾಸದ ಮೊದಮೊದಲ ಪರಿಶೀಲನೆಗಳಲ್ಲಿ ಸಾಮಾನ್ಯವಾಗಿ ಶೇಕಡ 20ರಷ್ಟು ನಿಯಮಗಳು ಹೀಗೆ ಪೊಳ್ಳಾಗಿ ಪಾಸಾಗುತ್ತವೆ, ಅದರ ಹಿಂದೆ ನಿಜವಾದ ದೋಷವೊಂದು ಇದ್ದೇ ಇರುತ್ತದೆ.

ಸರಿ ಎಂದು ಸಾಧಿಸುವ ಕೆಲಸ ನಡೆಯುವುದು ಮಾದರಿಯ ಮೇಲೆ, ಸಿಲಿಕಾನಿನ ಮೇಲಲ್ಲ. ಮಾದರಿಗೆ ಏನನ್ನು ಸೇರಿಸಬೇಕು, ಏನನ್ನು ಬಿಡಬಹುದು, ಯಾವ ನಿಯಮ ಕೇಳಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಆದ್ದರಿಂದ ವಿನ್ಯಾಸ ಮಾಡಿದವರೇ ಕೂತು ನಿಯಮ ಬರೆಯಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅವರು ಮರೆತದ್ದನ್ನು ನಿಯಮದಲ್ಲೂ ಮರೆತಿರುತ್ತಾರೆ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ನಮ್ಮ ಊರಿನ ಕಸುಬೂ ಆಗಿದೆ. ಸಭೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿದ್ದೀರಿ. ಡಿಸೈನ್ ಕೆಲಸ ಸಿಗದಿದ್ದರೆ ವೆರಿಫಿಕೇಶನ್ ಎಂದು ಈ ಪರಿಶೀಲನೆಯ ಕೆಲಸವನ್ನು ಎರಡನೆಯ ಸಾಲಿಗೆ ತಳ್ಳಬೇಡಿ. ತರ್ಕಶಾಸ್ತ್ರದ ಪಾಠವನ್ನು ಪರೀಕ್ಷೆಗಷ್ಟೇ ಓದಿ ಬಿಡಬೇಡಿ; ನಾಳೆ ನೀವು ಬರೆಯುವ ನಿಯಮಗಳಿಗೆ ಬೇಕಾಗುವುದು ಅದೇ.