ಹೋಗುವ ಹಕ್ಕಿ, ಇರುವ ಹಕ್ಕಿ

(ಅಘನಾಶಿನಿ ಅಳಿವೆ ದಂಡೆಯ ಹಳ್ಳಿಯೊಂದರಲ್ಲಿ, ಬೇಸಿಗೆಯ ಮೊದಲಲ್ಲಿ ಕೂಡಿದ ರೈತರ ಸಭೆಯಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ಮಾಡಿದ ಭಾಷಣ)



ಗೇರುಬೀಜ ಹೆಕ್ಕುವ ಕಾಲ ಇದು. ಶೇಂಗಾ ಗದ್ದೆಗೆ ನೀರು ಕೊಡುವ ಕಾಲವೂ ಹೌದು. ಇಂಥ ಹೊತ್ತಿನಲ್ಲಿ ನಿಮ್ಮನ್ನು ಕೆಲಸ ಬಿಡಿಸಿ ಇಲ್ಲಿ ಕೂರಿಸಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. "ಹಕ್ಕಿ ನೋಡುವ ವಿಷಯವಾಗಿ ಭಾಷಣವಂತೆ" ಎಂದು ಕೇಳಿ ಕೆಲವರು ನಕ್ಕರೆಂಬುದೂ ನನ್ನ ಕಿವಿಗೆ ಬಿದ್ದಿದೆ. ನಗುವುದರಲ್ಲಿ ತಪ್ಪಿಲ್ಲ. ಹತ್ತು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ.

ನಾನು ಹೊರಗಿನವನಲ್ಲ. ಗಜನಿಯ ಕೆಸರಿನಲ್ಲಿ ಕಾಲು ಹೂತುಕೊಂಡೇ ಬೆಳೆದವನು. ಮಾಸ್ತರಿಕೆ ಮುಗಿಸಿ ಈಗ ಮತ್ತೆ ನಮ್ಮ ಪಾಲಿನ ಗದ್ದೆಯನ್ನು ನೋಡಿಕೊಂಡಿದ್ದೇನೆ. ಆದುದರಿಂದ ಇಂದು ಮೂರೇ ಸಂಗತಿ ಹೇಳುತ್ತೇನೆ. ಈಗ ನಮ್ಮ ಅಳಿವೆಯಿಂದ ಯಾವ ಹಕ್ಕಿ ಹೋಗುತ್ತದೆ? ಯಾವ ಹಕ್ಕಿ ಇಲ್ಲಿಯೇ ಉಳಿದು ಮೊಟ್ಟೆ ಇಡುತ್ತದೆ? ಇವೆರಡಕ್ಕೂ ನಮ್ಮ ಗಜನಿ ಕಟ್ಟೆಗೂ ಏನು ಸಂಬಂಧ?

ಮೊದಲು ನಮ್ಮ ಜಾಗದ ಮಾತು. ಶಿರಸಿಯ ಕಡೆ ಹುಟ್ಟಿದ ಹೊಳೆ ಘಟ್ಟ ಇಳಿದು, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಯ 4801 ಹೆಕ್ಟೇರು ಪ್ರದೇಶವನ್ನು 2024ರಲ್ಲಿ ರಾಮ್ಸಾರ್ ತಾಣವೆಂದು ಸಾರಿದರು. ರಾಮ್ಸಾರ್ ಎಂಬುದು ಇರಾನ್ ದೇಶದ ಒಂದು ಊರು. 1971ರಲ್ಲಿ ಅಲ್ಲಿ ಹಲವು ದೇಶದವರು ಕೂಡಿ, ಜಗತ್ತಿನ ಜೌಗು ನೆಲಗಳನ್ನು ಕಾಯೋಣ ಎಂದು ಒಪ್ಪಂದ ಮಾಡಿಕೊಂಡರು. ಆ ಪಟ್ಟಿಯಲ್ಲಿ ಈಗ ನಮ್ಮ ಹೊಳೆಬಾಯಿಯೂ ಸೇರಿದೆ. ಇದರಿಂದ ಗದ್ದೆಗೆ ಬೇಲಿ ಬೀಳುತ್ತದೆಂದು ಹೆದರಬೇಕಿಲ್ಲ. ನೆಲವನ್ನು ವಿವೇಕದಿಂದ ಬಳಸಿರಿ ಎಂಬುದೇ ಆ ಒಪ್ಪಂದದ ತಿರುಳು. ಮೀನು, ಚಿಪ್ಪಿ, ಏಡಿ, ಗಜನಿ ಭತ್ತ, ಸಾಣಿಕಟ್ಟೆಯ ಉಪ್ಪು, ಇವನ್ನು ನಂಬಿ 6000ದಿಂದ 7500 ಕುಟುಂಬಗಳು ಇಲ್ಲಿ ಬದುಕುತ್ತವೆ ಎಂಬುದನ್ನೂ ಆ ದಾಖಲೆಯಲ್ಲಿ ಬರೆದಿದ್ದಾರೆ. ಅದರಲ್ಲಿಯೇ ಇನ್ನೊಂದು ಲೆಕ್ಕ ಉಂಟು: 66 ಜಾತಿಯ ನೀರಹಕ್ಕಿಗಳು, ಒಟ್ಟು 43,000ಕ್ಕೂ ಮೇಲೆ.

ಅಷ್ಟು ಹಕ್ಕಿ ಇಲ್ಲಿಗೇಕೆ ಬರುತ್ತವೆ? ಉತ್ತರ ಒಂದೇ ಮಾತಿನಲ್ಲಿ ಉಂಟು: ಕೆಸರು. "ಕೈ ಕೆಸರಾದರೆ ಬಾಯಿ ಮೊಸರು" ಎಂದು ನಾವು ಹೇಳುತ್ತೇವಷ್ಟೆ. ಹಕ್ಕಿಯ ಪಾಲಿಗೆ ಕೊಕ್ಕು ಕೆಸರಾಗಬೇಕು. ಉಬ್ಬರ ಇಳಿದಾಗ ತೆರೆದುಕೊಳ್ಳುವ ಆ ಕರಿ ಕೆಸರಿನಲ್ಲಿ ಹುಳು, ಸಣ್ಣ ಏಡಿ, ಸೀಗಡಿ ಮರಿ, ಬಳಚು ತುಂಬಿರುತ್ತವೆ. ಕಾಂಡ್ಲಾ ಗಿಡಗಳ ಎಲೆ ಉದುರಿ ಕೊಳೆತು ಇವಕ್ಕೆಲ್ಲ ಮೇವಾಗುತ್ತದೆ. ನಾವು ಕಗ್ಗ ಭತ್ತದ ತೆನೆ ಕೊಯ್ದು ಬಿಟ್ಟ ಹುಲ್ಲು ಗಜನಿ ನೀರಿನಲ್ಲಿ ಕೊಳೆತು ಮೀನಿಗೆ ಆಹಾರವಾಗುವ ಹಾಗೆಯೇ ಇದು.

ಈ ಉಣಿಸನ್ನು ಹಕ್ಕಿಗಳು ಹಂಚಿಕೊಳ್ಳುವ ರೀತಿ ನೋಡಿದರೆ ನಮ್ಮ ಮನೆಯ ಹತ್ಯಾರುಗಳ ನೆನಪಾಗುತ್ತದೆ. ಉದ್ದನೆಯ, ಕುಡುಗೋಲಿನಂತೆ ಬಾಗಿದ ಕೊಕ್ಕಿನ ಹಕ್ಕಿಯೊಂದುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಕರ್ಲ್ಯೂ ಎನ್ನುತ್ತಾರೆ. ಅದು ಕೆಸರಿನ ಆಳಕ್ಕೆ ಕೊಕ್ಕು ಇಳಿಸಿ ಏಡಿ, ಹುಳು ಎಳೆಯುತ್ತದೆ. ಮೋಟು ಕೊಕ್ಕಿನ ಸಣ್ಣ ಮರಳು ಹಕ್ಕಿ ಮೇಲ್ಮೈಯಲ್ಲಿ ಓಡಿ ನಿಂತು ಹೆಕ್ಕುತ್ತದೆ. ಕೆಂಗಾಲಿನ, ಹಸಿರುಗಾಲಿನ ಗೊರವಗಳು ಮೊಣಕಾಲು ನೀರಿನಲ್ಲಿ ನಿಂತು ಹುಡುಕುತ್ತವೆ. ಕಪ್ಪು ಬಿಳುಪು ಮೈಯ, ಕೆಂಪು ಕೊಕ್ಕಿನ ದಪ್ಪ ಹಕ್ಕಿಯೊಂದಕ್ಕೆ ಚಿಪ್ಪಿ ಬಿಡಿಸುವುದೇ ಕಸುಬು. ಬಳಚು ಹೆಕ್ಕುವ ತಾಯಂದಿರು ಇದನ್ನು ಗುರುತು ಹಿಡಿಯಬೇಕು. ಚಿಪ್ಪಿಯಿಲ್ಲದ ಕಡೆ ಅದು ನಿಲ್ಲುವುದಿಲ್ಲ.

ಈಗ ಹೋಗುವ ಹಕ್ಕಿಗಳ ಮಾತು. ನಾನು ಹೇಳಿದ ಇವುಗಳಲ್ಲಿ ಬಹುಪಾಲು ನಮ್ಮಲ್ಲಿಗೆ ಚಳಿಗಾಲ ಕಳೆಯಲು ಬಂದವು. ಇವುಗಳ ತವರು ಬಡಗಣ ದೇಶ. ಕೆಲವು ಲಡಾಖ್ ಮತ್ತು ಟಿಬೆಟಿನ ಎತ್ತರದ ಬಯಲಿಗೆ ಹೋಗುತ್ತವೆ. ಕೆಲವು ಸೈಬೀರಿಯದವರೆಗೂ ಹೋಗುತ್ತವೆ. ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯ ತನಕ ಇವುಗಳ ಪ್ರಯಾಣದ ತಯಾರಿ. ಮದುವೆಗೆ ಹೊರಟವರ ಹಾಗೆ ಆಗ ಉಡುಪು ಬದಲಾಗುತ್ತದೆ. ಡಿಸೆಂಬರಿನಲ್ಲಿ ಬೂದು ಬಣ್ಣಕ್ಕಿದ್ದ ಮರಳು ಹಕ್ಕಿಯ ಎದೆ ಏಪ್ರಿಲಿನಲ್ಲಿ ಇಟ್ಟಿಗೆಯಂತೆ ಕೆಂಪೇರುತ್ತದೆ. ತದಡಿ ಬಂದರಿನಲ್ಲಿ ದೋಣಿಯ ಹಿಂದೆ ಹಾರುವ ಕಡಲಕ್ಕಿಯನ್ನು ನೋಡಿರಿ. ಬಿಳಿಯಾಗಿದ್ದ ಅದರ ತಲೆ ಕಾಫಿ ಬಣ್ಣದ ಟೊಪ್ಪಿಗೆ ಹಾಕಿಕೊಂಡಂತಾಗುತ್ತದೆ.

ಉಡುಪಿಗಿಂತ ಮುಖ್ಯವಾದದ್ದು ದಾರಿಬುತ್ತಿ. ಸಾವಿರಾರು ಮೈಲಿ ಹಾರಲು ಬೇಕಾದ ಕೊಬ್ಬನ್ನು ಈ ಕೆಲವು ವಾರಗಳಲ್ಲಿ ಅವು ನಮ್ಮ ಕೆಸರಿನಿಂದಲೇ ಕಟ್ಟಿಕೊಳ್ಳಬೇಕು. ಉಬ್ಬರದ ಹೊತ್ತಿನಲ್ಲಿ ಕೆಸರು ಮುಳುಗಿರುವಾಗ ಅವು ಗಜನಿ ಕಟ್ಟೆಯ ಮೇಲೆ, ಮರಳು ದಿಬ್ಬದ ಮೇಲೆ ಗುಂಪಾಗಿ ನಿಂತು ವಿಶ್ರಾಂತಿ ಪಡೆಯುತ್ತವೆ. ಆಗ ನಾಯಿ ಬಿಟ್ಟು ಓಡಿಸಿದರೆ, ಹುಡುಗರು ಕಲ್ಲು ಎಸೆದರೆ, ತಿಂದದ್ದು ಸುಮ್ಮನೆ ಹಾರಾಟದಲ್ಲಿ ಖರ್ಚಾಗಿಹೋಗುತ್ತದೆ. ಹೊರಟು ನಿಂತ ಅತಿಥಿಯ ಬುತ್ತಿಗಂಟನ್ನು ಬಿಚ್ಚಿ ಚೆಲ್ಲಿದ ಹಾಗೆ. ಮೇ ಮೊದಲ ವಾರಕ್ಕೆ ಕೆಸರು ಬಹುಮಟ್ಟಿಗೆ ಬರಿದಾಗುತ್ತದೆ. ಒಂದು ವರ್ಷದ ಮರಿಗಳು ಕೆಲವು ಮಾತ್ರ ಮಳೆಗಾಲಕ್ಕೂ ಇಲ್ಲೇ ಉಳಿಯುವುದುಂಟು.

ಇನ್ನು ಇರುವ ಹಕ್ಕಿಗಳು. ಅತಿಥಿಗಳು ಹೋಗುವ ಹೊತ್ತಿಗೇ ಮನೆಯವರಿಗೆ ಬಾಣಂತನದ ಕಾಲ ಬರುತ್ತದೆ. ಗದ್ದೆಯಲ್ಲಿ ದನದ ಬೆನ್ನು ಹತ್ತುವ ಗೋವಕ್ಕಿಯ ತಲೆ ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೊಳದ ಬಕದ ಬೆನ್ನು ಕಂದುಗೆಂಪಾಗುತ್ತದೆ. ಗರುಡ ಎತ್ತರದ ಮರದಲ್ಲಿ ಮರಿ ಸಾಕುತ್ತಿರುತ್ತದೆ. ಕವಲು ಬಾಲದ ಹೊಳೆ ರೀವ ಮರಳು ದಿಬ್ಬದ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ.

ಆದರೆ ನಮಗೂ ನಿಮಗೂ ಹೆಚ್ಚು ಸಂಬಂಧ ಇರುವುದು ಟಿಟ್ಟಿಭಕ್ಕೆ. ಹಗಲು ರಾತ್ರಿ ಎನ್ನದೆ ಕೂಗಿ ಊರಿಗೆಲ್ಲ ಸುದ್ದಿ ಹೇಳುವ ಹಕ್ಕಿ. ಕೊಕ್ಕಿನ ಬುಡದಲ್ಲಿ ಕೆಂಪು ತೊಗಲು, ಹಳದಿ ಕಾಲು. ಮಾರ್ಚಿನಿಂದ ಅದು ಒಣ ಗದ್ದೆಯಲ್ಲೋ ಕಟ್ಟೆಯ ಮೇಲೋ ನೆಲದಲ್ಲೇ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು. ಮಣ್ಣಿನ ಹೆಂಟೆಯ ಬಣ್ಣ, ಮೇಲೆ ಕಪ್ಪು ಚುಕ್ಕೆ. ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮಳೆಗೆ ಮುಂಚೆ ಕಟ್ಟೆಗೆ ಮಣ್ಣು ಹಾಕುವ ಕೆಲಸ ನಿಮಗೆ ಗೊತ್ತೇ ಇದೆ. 2024ರ ಬೇಸಿಗೆಯಲ್ಲಿ ನಾವು ಹನ್ನೆರಡು ಜನ ಆ ಕೆಲಸಕ್ಕೆ ಇಳಿದಿದ್ದೆವು. ಟಿಟ್ಟಿಭವೊಂದು ತಲೆಯ ಮೇಲೆ ಹಾರಿ ಹಾರಿ ಕೂಗುತ್ತಿತ್ತು. "ಸುಮ್ಮನಿರೇ" ಎಂದು ಗದರಿ, ಬುಟ್ಟಿ ಬುಟ್ಟಿ ಮಣ್ಣು ಸುರಿದೆವು. ಸುರಿದದ್ದು ಅದರ ಗೂಡಿನ ಮೇಲೆಯೇ ಎಂದು ತಿಳಿದದ್ದು ಆಮೇಲೆ, ಹಾರೆಯ ಬಾಯಲ್ಲಿ ಮೊಟ್ಟೆಯ ಚೂರು ಕಂಡಾಗ. ಎರಡು ದಿನ ಆ ಜೋಡಿ ಹೊಸ ಮಣ್ಣಿನ ಮೇಲೆ ತಿರುಗುತ್ತಿತ್ತು. ಮೂರನೆಯ ದಿನ ಕಾಣಲಿಲ್ಲ. ಮನೆಯಲ್ಲಿ ಈ ಮಾತು ಹೇಳಲು ನನಗೆ ನಾಚಿಕೆಯಾಯಿತು.

ಮರುವರ್ಷ, 2025ರ ಏಪ್ರಿಲಿನಲ್ಲಿ, ಕೆಲಸಕ್ಕೆ ಮೊದಲು ನಾನೊಬ್ಬನೇ ಕಟ್ಟೆಯ ಉದ್ದಕ್ಕೂ ನಡೆದು ನೋಡಿದೆ. ಒಂದು ಕಡೆ ನಾಲ್ಕು ಮೊಟ್ಟೆ ಇದ್ದವು. ಅದೂ ಕಟ್ಟೆ ತೀರ ಸವೆದಿದ್ದ ಜಾಗದಲ್ಲೇ! ಕೆಲಸದವರಿಗೆ ಹೇಳಿದೆ. ನಮ್ಮ ದೊಡ್ಡಪ್ಪ ಸಿಟ್ಟಾದರು. "ತಮಾ, ಮಳೆ ನಿನ್ನ ಹಕ್ಕಿಗೆ ಕಾಯುತ್ತದೋ? ಕಟ್ಟೆ ಒಡೆದು ಉಪ್ಪುನೀರು ನುಗ್ಗಿದರೆ ಅನ್ನ ಹಾಕುವವರು ಯಾರು?" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊನೆಗೆ, ಗೂಡಿನ ಎರಡೂ ಬದಿಗೆ ಹತ್ತು ಹತ್ತು ಮಾರು ಬಿಟ್ಟು ಉಳಿದ ಕಡೆಯ ಕೆಲಸ ಮೊದಲು ಮುಗಿಸುವುದು, ಆ ತುಂಡಿಗೆ ಬೇಕಾದ ಮಣ್ಣನ್ನು ದೂರದಲ್ಲಿ ರಾಶಿ ಹಾಕಿ ಇಟ್ಟುಕೊಳ್ಳುವುದು, ಎಂದು ಒಪ್ಪಿದೆವು.

ಮೊಟ್ಟೆಗೆ ಕಾವು ಸುಮಾರು 28 ದಿನ ಬೇಕು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕೂರುತ್ತವೆ. ಮಧ್ಯಾಹ್ನದ ಸುಡು ಬಿಸಿಲಿನಲ್ಲಿ ತಾಯಿ ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಮೊಟ್ಟೆ ತಂಪು ಮಾಡುವುದನ್ನು ದೊಡ್ಡಪ್ಪನೇ ಕಂಡು ನಮಗೆ ತೋರಿಸಿದರು. ಆ ಮೇಲೆ ಅವರು ಬೈಯಲಿಲ್ಲ. ಮೇ ಎರಡನೆಯ ವಾರ ಮೂರು ಮರಿ ಹೊರಬಂದವು. ಒಂದು ಮೊಟ್ಟೆ ಒಡೆಯಲಿಲ್ಲ. ಹುಟ್ಟಿದ ಮರಿಗಳು ಮರುದಿನವೇ ತಾಯಿಯ ಹಿಂದೆ ನಡೆದುಹೋದವು. ಎರಡು ದಿನದಲ್ಲಿ ಕಟ್ಟೆ ಮುಚ್ಚಿದೆವು. ಆ ವರ್ಷ ಮಳೆ ಹೇಗೆ ಬಂತೆಂದು ನೆನಪಿದೆಯಷ್ಟೆ? ಜೂನಿನಲ್ಲಿ ಬರಬೇಕಾದ ಮುಂಗಾರು ಮೇ 24ಕ್ಕೇ ಬಂದಿಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ದೊಡ್ಡಪ್ಪನ ಮಾತೇ ನಿಜವಾಗುತ್ತಿತ್ತು. ಆದುದರಿಂದ ನಾನು ಹೇಳುವುದು ಇಷ್ಟೆ: ಮಾರ್ಚಿನಲ್ಲೇ ಕಟ್ಟೆ ನಡೆದು ನೋಡಿರಿ. ಗೂಡು ಬೇಗ ಕಂಡರೆ ಹಕ್ಕಿಯೂ ಉಳಿಯುತ್ತದೆ, ಕಟ್ಟೆಯೂ ಉಳಿಯುತ್ತದೆ. ಇಲಿ ಏಡಿ ಕೊರೆದ ಬಿಲಗಳೂ ಆಗಲೇ ಕಣ್ಣಿಗೆ ಬೀಳುತ್ತವೆ. ಇದು ನಮಗೆ ಸಿಕ್ಕ ಹೆಚ್ಚಿನ ಲಾಭ.

"ಹಕ್ಕಿ ನಮ್ಮ ಭತ್ತ ತಿನ್ನುವುದಿಲ್ಲವೆ? ನೀರುಕಾಗೆ ಗಜನಿಯ ಮೀನು ಮುಕ್ಕುವುದಿಲ್ಲವೆ?" ಎಂದು ನೀವು ಕೇಳಬಹುದು. ತಿನ್ನುತ್ತವೆ. ಎಲ್ಲ ಹಕ್ಕಿಯೂ ರೈತನ ಮಿತ್ರ ಎಂದು ನಾನು ಹೇಳುವುದಿಲ್ಲ. ಆದರೆ ಗೋವಕ್ಕಿ, ಟಿಟ್ಟಿಭಗಳು ಹುಳು ಹುಪ್ಪಟೆ ತಿನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ ನಷ್ಟವೊಂದನ್ನೇ ಬರೆದರೆ ಅದು ಸರಿಯಾದ ಖಾತೆಯಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರನ್ನು ನೋಡಿರಿ. ಊರ ನಡುವಿನ ಹುಣಸೆ ಮರಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಜಾಗ ಬಿಟ್ಟುಕೊಟ್ಟು, ಹಿಕ್ಕೆಯನ್ನು ಗದ್ದೆಗೆ ಗೊಬ್ಬರ ಮಾಡಿಕೊಂಡವರು ಅವರು. ಅವರೂ ನಮ್ಮಂಥ ಬೇಸಾಯಗಾರರೇ.

ನಮ್ಮಲ್ಲಿ ನಿಜವಾಗಿ ಕಳೆದುಹೋಗುತ್ತಿರುವುದು ಬೇರೆ. ಕಗ್ಗ ಬೆಳೆಯುವ ಕೈಗಳು ಕಡಿಮೆಯಾಗಿವೆ. ಕಟ್ಟೆ ಒಡೆದು ಪಾಳು ಬಿದ್ದ ಗಜನಿಗಳುಂಟು. ಸೀಗಡಿ ಹೊಂಡದ ಆಸೆಗೆ ಹೋದವರಿಗೆ 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಯಲ್ಲೆಲ್ಲ ಏನು ಮಾಡಿತೆಂದು ಹಿರಿಯರು ಬಲ್ಲರು. ಭತ್ತ, ಮೀನು, ಚಿಪ್ಪಿ, ಹಕ್ಕಿ, ಇವೆಲ್ಲ ಒಂದೇ ಕಣಜದಿಂದ ಉಣ್ಣುತ್ತವೆ. ಕಣಜಕ್ಕೆ ತೂತು ಬಿದ್ದರೆ ಮೊದಲು ತಿಳಿಯುವುದು ಹಕ್ಕಿಗೆ, ಏಕೆಂದರೆ ಅದಕ್ಕೆ ರೆಕ್ಕೆಯುಂಟು, ಹೋಗಿಬಿಡುತ್ತದೆ. ನಾವು ಎಲ್ಲಿಗೆ ಹೋಗೋಣ? ಹಕ್ಕಿ ಎಣಿಸುವುದೆಂದರೆ ಕಣಜದೊಳಗೆ ಕೈ ಹಾಕಿ ನೋಡಿದ ಹಾಗೆ.

ಎಣಿಸುವ ಕ್ರಮ ಸುಲಭ. ಇಳಿತ ಶುರುವಾಗಿ ಒಂದೆರಡು ತಾಸಿಗೆ, ಬೆಳಿಗ್ಗೆಯಾದರೆ ಸೂರ್ಯ ಬೆನ್ನಿಗಿರುವಂತೆ, ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ. ಢಾಳಾದ ಬಣ್ಣದ ಬಟ್ಟೆ ಬೇಡ, ನಾಯಿ ಬೇಡ. ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಹತ್ತಿರವಾಯಿತೆಂದು ತಿಳಿದು ಹಿಂದೆ ಸರಿಯಿರಿ. ದೊಡ್ಡ ಗುಂಪಿದ್ದರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಳತೆ ಮಾಡಿ, ಅಂಥ ಎಷ್ಟು ಜಾಗ ಎಂದು ಲೆಕ್ಕ ಹಾಕಿರಿ. ಶಾಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಉಬ್ಬರವೋ ಇಳಿತವೋ ಎಂಬುದು, ಹಕ್ಕಿಯ ಗುರುತು, ಸಂಖ್ಯೆ ಬರೆಯಿಸಿರಿ. ಹೆಸರು ಗೊತ್ತಿಲ್ಲದಿದ್ದರೆ ಕಾಲಿನ ಬಣ್ಣ, ಕೊಕ್ಕಿನ ಆಕಾರ ಬರೆದರೆ ಸಾಕು. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರಹಕ್ಕಿ ಗಣತಿ ನಡೆಯುತ್ತದೆ. ಏಪ್ರಿಲಿನ ಲೆಕ್ಕವನ್ನು ನಾವೇ ಇಡೋಣ. ಗೂಡು ಕಂಡರೆ ಮಾತ್ರ ಮುಟ್ಟಬೇಡಿರಿ, ಗುಂಪು ಕೂಡಬೇಡಿರಿ. ನೀವು ನಿಂತಲ್ಲಿ ಕಾಗೆಯ ಕಣ್ಣೂ ಬೀಳುತ್ತದೆ. ಬಲೆ ಒಡ್ಡುವವರಿದ್ದರೆ, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧವೆಂದು ತಿಳಿಸಿ ಹೇಳಿರಿ.

ಬಂಧುಗಳೆ, ಬರುವ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ನಾನು ನಮ್ಮ ಕಟ್ಟೆಯ ಮೇಲೆ ಇರುತ್ತೇನೆ. ಬರುವವರು ಬನ್ನಿರಿ. ದೊಡ್ಡಪ್ಪನೂ ಬರುತ್ತಾರಂತೆ. ಈ ವರ್ಷ ಗೂಡು ಮೊದಲು ಹುಡುಕುವವರು ತಾವೇ ಎಂದು ಈಗಲೇ ಪಂಥ ಕಟ್ಟಿದ್ದಾರೆ.