ಮೂಗು ಮರೆಯಲ್ಲ

ಇವತ್ತು ರಾಜಕಾರಣ ಬೇಡ. ಇವತ್ತು ನನ್ನದೇ ಒಂದು ಸುದ್ದಿ ಹೇಳ್ತೀನಿ.

ಕಳೆದ ವಾರ ಊರಿಗೆ ಹೋಗಿದ್ದೆ. ಅಥಣಿ ತಾಲೂಕಿನ ತೆಲಸಂಗ. ನಾನು ಸಿಗರೇಟು ಬಿಟ್ಟು ಅವತ್ತಿಗೆ 46 ದಿನ. ಬಸ್ಸಿಳಿದು ಚಹಾದಂಗಡಿ ಮುಂದೆ ನಿಂತಿದ್ದೆ, ಪಕ್ಕದಲ್ಲಿ ಒಬ್ಬ ಹಿರಿಯರು ಬೀಡಿ ಹಚ್ಚಿದರು. ಆ ಹೊಗೆ ಮೂಗಿಗೆ ಬಡೀತು ನೋಡಿ, ನನ್ನ ಕೈ ತಾನಾಗಿ ಜೇಬಿಗೆ ಹೋಯ್ತು. ಜೇಬು ಖಾಲಿ. ಜೊತೆಗಿದ್ದ ಗೆಳೆಯ ಪ್ಯಾಕೆಟ್ ಚಾಚಿದ: "ಒಂದ ಸೇದೋ, ಏನ್ ಆಗ್ತೈತಿ?"

ಆ ವಾಸನೆ ನಮ್ಮಪ್ಪನದು. ಹೊಲದಿಂದ ಬಂದು ಕಟ್ಟೆ ಮೇಲೆ ಕೂತು ಬೀಡಿ ಹಚ್ಚಿದರೆ ಅವರ ದಿನ ಮುಗೀತು ಅಂತ ಲೆಕ್ಕ. ಕೊನೆಯ ಎರಡು ವರ್ಷ ಬಚ್ಚಲಿನ ತನಕ ನಡೆಯೋಕೂ ಅವರಿಗೆ ಉಸಿರು ಸಾಲ್ತಿರಲಿಲ್ಲ. ಅವರನ್ನು ಕಿತ್ತುಕೊಂಡ ಹೊಗೆ ಅದು. ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ.

ಯಾಕೆ ಹೀಗೆ? ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ವೈರಿಂಗ್ ಲೆಕ್ಕದಲ್ಲೇ ಹೇಳ್ತೀನಿ. ಕಣ್ಣು, ಕಿವಿಯ ಸುದ್ದಿ ಮೆದುಳಿನಲ್ಲಿ ಥಲಾಮಸ್ ಅನ್ನೋ ಜಂಕ್ಷನ್ ದಾಟಿ ಮುಂದೆ ಹೋಗುತ್ತೆ. ಮೂಗಿನ ಸುದ್ದಿ ಆ ಜಂಕ್ಷನ್‌ಗೆ ಕಾಯದೆ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ದಾರಿಯಲ್ಲೇ ತಲುಪುತ್ತೆ. ನೀವು ಯೋಚನೆ ಮಾಡೋ ಹೊತ್ತಿಗೆ ಆಸೆ ಬಂದು ಕೂತಿರುತ್ತೆ. ಅದು ನಿಮ್ಮ ದೌರ್ಬಲ್ಯ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಾಸನೆಯಿಂದ ಓಡಿಹೋಗೋಕೂ ಆಗಲ್ಲ. ನಿಪ್ಪಾಣಿ ಅಂದರೇ ತಂಬಾಕು. 1981ರಲ್ಲಿ ಅದರ ಬೆಲೆಗಾಗಿ ರೈತರು ಹೆದ್ದಾರಿಗಿಳಿದು, ಗೋಲಿಬಾರಿನಲ್ಲಿ ಜೀವ ಕೊಟ್ಟ ಊರು. ಎಷ್ಟೋ ಮನೆಗಳಿಗೆ ಅದೇ ಅನ್ನ. ಹಾಗಾದರೆ ಬಿಡಬೇಕು ಅನ್ನೋನು ಏನು ಮಾಡಬೇಕು?

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೈಕೆಲ್ ಸೇಯೆಟ್ ತಂಡ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸೇದುವ 232 ಜನರ ಕೈಗೆ ಉರಿಯುವ ಸಿಗರೇಟು ಕೊಟ್ಟರು, ಸೇದೋಕೆ ಮಾತ್ರ ಬಿಡಲಿಲ್ಲ. ಆಸೆ 100ಕ್ಕೆ ಸರಾಸರಿ 82ಕ್ಕೆ ಏರಿತು. ಆಮೇಲೆ ಪುದೀನ, ಲಿಂಬೆ, ಚಾಕೊಲೇಟ್, ಹೀಗೆ ಅವರವರಿಗೆ ಹಿಡಿಸಿದ ಪರಿಮಳ ಮೂಸಿದವರಲ್ಲಿ ಅದು 19ರಷ್ಟು ಇಳಿಯಿತು. ತಂಬಾಕಿನ ವಾಸನೆ ಮೂಸಿದವರಲ್ಲಿ, ಯಾವ ವಾಸನೆಯೂ ಇಲ್ಲದ್ದನ್ನು ಮೂಸಿದವರಲ್ಲಿ ಇಳಿದದ್ದು 11ರ ಆಸುಪಾಸು. ನೆನಪಿಡಿ, ಪರೀಕ್ಷೆ ನಡೆದದ್ದು ಕೆಲವೇ ನಿಮಿಷಗಳ ಮಟ್ಟಿಗೆ. ಇದು ಚಟ ಬಿಡಿಸೋ ಔಷಧ ಅಲ್ಲ. ಆದರೆ ಸೋಲೋದೂ ಕೆಲವೇ ನಿಮಿಷಗಳಲ್ಲಿ ಅಲ್ವಾ?

ಚಹಾದಂಗಡಿಯ ಬುಟ್ಟಿಯಲ್ಲಿ ಲಿಂಬೆಹಣ್ಣಿತ್ತು. ಒಂದು ತಗೊಂಡು, ಉಗುರಲ್ಲಿ ಗೀರಿ, ಮೂಸ್ತಾ ನಿಂತೆ. ಗೆಳೆಯ ನಕ್ಕ. ನಗಲಿ. ಚಹಾ ಮುಗಿಯೋ ಹೊತ್ತಿಗೆ ಆಸೆ ಇಳಿದಿತ್ತು. ಅಪ್ಪನ ನೆನಪು ಹಾಗೇ ಉಳಿದಿತ್ತು. ಎರಡೂ ಬೇರೆ ಬೇರೆ ಅಂತ ನನಗೆ ಗೊತ್ತಾದದ್ದು ಆಗಲೇ.

ಸೇದುವ ಗೆಳೆಯರಿಗೆ ಒಂದು ಮಾತು. 2008ರ ಅಕ್ಟೋಬರ್ 2ರಿಂದ ದೇಶದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ಇದೆ. ಅದು ಬರೀ ನಮ್ಮ ಶ್ವಾಸಕೋಶ ಕಾಯೋದಲ್ಲ, ಬಿಟ್ಟವನ ಹಟವನ್ನೂ ಕಾಯುತ್ತೆ. ಬಿಡೋಕೆ ಹೊರಟವನ ಪಕ್ಕ ದಯವಿಟ್ಟು ಹಚ್ಚಬೇಡಿ. "ಒಂದ ಸೇದೋ" ಅನ್ನಲೇಬೇಡಿ.

ಬಿಡಬೇಕು ಅನ್ನೋರು ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿ: 1800-11-2356. ದುಡ್ಡು ಬೇಕಿಲ್ಲ.

ನನಗೆ ಇವತ್ತಿಗೆ 53 ದಿನ. ನಾಳೆ ಮತ್ತೆ ಸಿಗೋಣ, 54ಕ್ಕೆ.